ಜೆನ್ನಾಳನ್ನು ಉಳಿಸಿದ್ದು ಸರಿಯೇ? ಮಗಳು ಪರ, ಅಮ್ಮ ವಿರೋಧ

ಒಂದು ಪುಸ್ತಕದ ಮೇಲೆ ನಮ್ಮ ಮನೆಯಲ್ಲಿ ಮೂರು ವಾರದಿಂದ ಜಗಳ ನಡೆದಿದೆ. ಊಟಕ್ಕೆ ಕೂತಾಗ ಶುರುವಾದರೆ ಸಾರು ಆರಿದರೂ ಮುಗಿಯುವುದಿಲ್ಲ. ‘ಇಬ್ಬರೂ ಬರೆದು ತೀರಿಸಿಕೊಳ್ಳಿ, ನನ್ನನ್ನು ಊಟಕ್ಕೆ ಬಿಡಿ’ ಎಂದು ಅಪ್ಪ ಕೈಮುಗಿದದ್ದರ ಫಲ ಇದು. ನಾನು ಬಿ.ಎಸ್ಸಿ. ಮೊದಲ ವರ್ಷ. ಅಮ್ಮ ಹುಬ್ಬಳ್ಳಿಯಲ್ಲಿ ನರ್ಸ್, ಹೆಚ್ಚಿನ ವರ್ಷ ಕಳೆದದ್ದು ಐಸಿಯುನಲ್ಲಿ.

ಪುಸ್ತಕ ‘ದಿ ಅಡೋರೇಶನ್ ಆಫ್ ಜೆನ್ನಾ ಫಾಕ್ಸ್’. ಅಮೆರಿಕದ ಮೇರಿ ಇ. ಪಿಯರ್ಸನ್ 2008ರಲ್ಲಿ ಹದಿಹರೆಯದವರಿಗಾಗಿ ಬರೆದ ವಿಜ್ಞಾನ ಕಾದಂಬರಿ. ಗುಟ್ಟು ಬಿಚ್ಚದೆ ಚರ್ಚೆ ಮಾಡಲು ಬರುವುದಿಲ್ಲ, ಓದುವ ಮನಸ್ಸಿದ್ದವರು ಇಲ್ಲಿಗೇ ನಿಲ್ಲಿಸಿ.

ಕಥೆ ಇಷ್ಟು. ಹದಿನೇಳರ ಜೆನ್ನಾ ಒಂದು ವರ್ಷಕ್ಕೂ ಮೀರಿದ ಕೋಮಾದಿಂದ ಏಳುತ್ತಾಳೆ. ಹೆಸರು ಬಿಟ್ಟರೆ ಹೆಚ್ಚೇನೂ ನೆನಪಿಲ್ಲ, ಆ ಹೆಸರನ್ನೂ ಯಾರೋ ಹೇಳಿಕೊಟ್ಟದ್ದು. ಬಾಸ್ಟನ್‌ನಲ್ಲಿದ್ದ ಮನೆ ಈಗ ಕ್ಯಾಲಿಫೋರ್ನಿಯಾದಲ್ಲಿದೆ. ಅಮ್ಮ ಕ್ಲೇರ್ ಕಣ್ಣೆವೆ ಮುಚ್ಚದೆ ಕಾಯುತ್ತಾಳೆ. ಅಜ್ಜಿ ಲಿಲಿ ಮೊಮ್ಮಗಳ ಮುಖ ನೋಡಲೂ ಹಿಂಜರಿಯುತ್ತಾಳೆ. ಮಗುವಾಗಿದ್ದಾಗಿನಿಂದ ವರ್ಷ ವರ್ಷವೂ ತೆಗೆದ ವಿಡಿಯೊಗಳನ್ನು ಕೈಗಿತ್ತು ‘ನೋಡು, ಇದು ನೀನು’ ಎನ್ನುತ್ತಾರೆ. ಒಂದು ದಿನ ಗಾಯವಾದಾಗ ಚರ್ಮದ ಅಡಿಯಲ್ಲಿ ಅವಳಿಗೆ ನೀಲಿ ಜೆಲ್ ಕಾಣುತ್ತದೆ. ಅಪ್ಪ ಮ್ಯಾಥ್ಯೂ ಕಂಡುಹಿಡಿದ ಬಯೋ ಜೆಲ್ ಅದು. ಕಾರು ಅಪಘಾತದಲ್ಲಿ ಸುಟ್ಟ ಮಗಳಲ್ಲಿ ಉಳಿದಿದ್ದು ಮೆದುಳಿನ ಹತ್ತನೇ ಒಂದು ಭಾಗ. ಮಿಕ್ಕ ಮೆದುಳು, ದೇಹ ಎಲ್ಲವೂ ಅಪ್ಪ ಕಟ್ಟಿದ್ದು. ಒಬ್ಬ ಮನುಷ್ಯನಲ್ಲಿ ಎಷ್ಟನ್ನು ಬದಲಾಯಿಸಬಹುದು ಎಂದು ಅಂಕ ಹಾಕಿ ಅಳೆಯುವ ಸರ್ಕಾರಿ ಮಂಡಳಿ ಆ ಕಾಲದಲ್ಲಿದೆ, ಜೆನ್ನಾ ಆ ಮಿತಿಯನ್ನು ಎಂದೋ ದಾಟಿದವಳು. ಕಾನೂನಿನ ಕಣ್ಣಲ್ಲಿ ಅವಳು ಇರಬಾರದು.

ಅಪ್ಪ ಅಮ್ಮ ಮಾಡಿದ್ದು ಸರಿಯೇ?

ಪರ: ಮಗಳು

ನನ್ನ ಚಿಕ್ಕಮ್ಮನ ಮಗನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಮೂರು ತುಂಬುವ ಮೊದಲೇ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದರು. ಕಿವಿಯ ಹಿಂದಿನ ಎಲುಬು ಕೊರೆದು, ಶಂಖದ ಹಾಗೆ ಸುರುಳಿ ಸುತ್ತಿದ ಒಳಗಿವಿಯೊಳಕ್ಕೆ ತಂತಿ ತೂರಿಸುವ ಆಪರೇಷನ್. ಆಮೇಲೆ ಚಿಕ್ಕಮ್ಮ ಮೈಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ದಿನವೂ ಅವನನ್ನು ಕರೆದುಕೊಂಡು ಹೋಗಿ ಮಾತು ಕಲಿಸಿದಳು. ಅಲ್ಲಿ ಮಗುವಿನ ಜೊತೆ ತಾಯಿಗೂ ಪಾಠ. ಈಗ ಅವನು ಆರನೇ ಕ್ಲಾಸು, ಬಾಯಿ ಮುಚ್ಚುವುದೇ ಇಲ್ಲ. ಚಿಕ್ಕಮ್ಮ ಬೈಯಲು ಶುರುಮಾಡಿದರೆ ಕಿವಿಯ ಹಿಂದಿನ ಮಷಿನ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ಬೈಗುಳ ಮುಗಿದದ್ದು ಅವಳ ಮುಖದಲ್ಲಿ ಕಂಡ ಮೇಲೆ ಮತ್ತೆ ಸಿಕ್ಕಿಸಿಕೊಳ್ಳುತ್ತಾನೆ.

ಅವನನ್ನು ಯಾರಾದರೂ ಕೇಳಿದ್ದರೇ? ಕೇಳಲು ಅವನಿಗೆ ಕಿವಿಯೇ ಇರಲಿಲ್ಲ! ಕಾಯ್ದು ಕೇಳೋಣವೆಂದರೆ ಮಾತು ಕಲಿಯುವ ವಯಸ್ಸು ಜಾರಿಹೋಗುತ್ತಿತ್ತು, ಮೆದುಳು ಆ ಬಾಗಿಲನ್ನು ಬಹಳ ದಿನ ತೆರೆದಿಡುವುದಿಲ್ಲ. ಈ ಆಪರೇಷನ್ನಿಗೂ ವಿರೋಧವಿದೆ. ‘ನಾವು ರೋಗಿಗಳಲ್ಲ, ಸನ್ನೆ ನಮ್ಮ ಭಾಷೆ, ನಮ್ಮ ಮಕ್ಕಳನ್ನು ರಿಪೇರಿ ಮಾಡಬೇಡಿ’ ಎಂದು ಕಿವುಡ ಸಮುದಾಯದ ಅನೇಕರು ಹೇಳುತ್ತ ಬಂದಿದ್ದಾರೆ. ಆ ಮಾತಿಗೆ ನನ್ನಲ್ಲಿ ಗೌರವವಿದೆ. ಆದರೆ ತಂದೆತಾಯಿ ಮಗುವಿನ ಪರವಾಗಿ ನಿರ್ಧಾರ ಮಾಡುವುದೇ ತಪ್ಪು ಎಂದಾದರೆ ಲಸಿಕೆಯಿಂದ ಹಿಡಿದು ಶಾಲೆಯವರೆಗೆ ಎಲ್ಲವೂ ತಪ್ಪೇ. ಮಗು ಬೆಳೆದು ‘ಯಾಕೆ ಮಾಡಿದಿರಿ’ ಎಂದು ಬಯ್ಯಬೇಕಾದರೂ ಮೊದಲು ಅದು ಬೆಳೆಯಬೇಕಲ್ಲ. ಜೆನ್ನಾ ಅಪ್ಪ ಅಮ್ಮನಿಗೆ ಪುಟಗಟ್ಟಲೆ ಬಯ್ಯುತ್ತಾಳೆ. ಬಯ್ಯುವುದಕ್ಕೆ ಅವಳು ಇದ್ದಾಳೆ ಎನ್ನುವುದೇ ನನ್ನ ವಾದದ ಮೊದಲ ಸಾಕ್ಷಿ.

ಇನ್ನು ‘ಅವಳು ಅವಳೇ ಅಲ್ಲ’ ಎನ್ನುವವರಿಗೆ. ಮಕ್ಕಳಿಗೆ ರಾಸ್ಮುಸೆನ್ ಎನ್ಸೆಫಲೈಟಿಸ್ ಎಂಬ ಅಪರೂಪದ ಕಾಯಿಲೆ ಬರುತ್ತದೆ. ಮೆದುಳಿನ ಒಂದು ಪಕ್ಕದಲ್ಲಿ ಉರಿಯೂತ, ಔಷಧಿಗೆ ಜಗ್ಗದ ಫಿಟ್ಸ್. ಕೊನೆಗೆ ಉಳಿಯುವ ದಾರಿ ಎಂದರೆ ಆ ಅರ್ಧ ಮೆದುಳನ್ನೇ ತೆಗೆಯುವುದು, ಇಲ್ಲವೇ ಸಂಪರ್ಕ ಕಡಿದುಹಾಕುವುದು. ಆಪರೇಷನ್ ಆದ ಮಕ್ಕಳಿಗೆ ಎದುರು ಪಕ್ಕದ ಕೈಯಲ್ಲಿ ಶಕ್ತಿ ಕಮ್ಮಿಯಾಗುತ್ತದೆ, ನೋಟದ ಒಂದು ಬದಿ ಹೋಗುತ್ತದೆ. ಆದರೂ ನಡೆಯುತ್ತಾರೆ, ನಗುತ್ತಾರೆ, ಎಷ್ಟೋ ಜನ ಶಾಲೆಗೂ ಹೋಗುತ್ತಾರೆ. ಅರ್ಧ ಮೆದುಳು ಇಲ್ಲವೆಂದು ಯಾವ ತಾಯಿಯೂ ‘ಇವಳು ನನ್ನ ಮಗಳ ಅರ್ಧ’ ಎಂದು ಹೇಳಿದ್ದನ್ನು ನಾನು ಓದಿಲ್ಲ. ಐವತ್ತಕ್ಕೆ ಒಪ್ಪುವ ನಾವು ಹತ್ತಕ್ಕೆ ಬಂದಾಗ ಮುಖ ತಿರುಗಿಸುವುದು ಯಾವ ಲೆಕ್ಕ? ಕಾದಂಬರಿಯ ಮಂಡಳಿ ಬದಲಾಯಿಸಬಹುದಾದ ಮೆದುಳು ನಲವತ್ತೊಂಬತ್ತು ಶೇಕಡಾ ಎಂದು ಗೆರೆ ಎಳೆದಿದೆ. ಐವತ್ತೊಂದರಲ್ಲಿ ಮನುಷ್ಯ ಯಾವ ಬಾಗಿಲಿನಿಂದ ಹೊರಗೆ ಹೋದನೋ ಆ ಮಂಡಳಿಗೇ ಗೊತ್ತು.

ನಮಗೆ ಚಿಕ್ಕಂದಿನಿಂದ ಹೇಳಿದ ಬೇತಾಳನ ಕಥೆಯೊಂದಿದೆಯಲ್ಲ. ಗಂಡನದೂ ಅವನ ಜೊತೆಗಾರನದೂ ತಲೆ ಅದಲುಬದಲಾಗಿ ಅಂಟಿಕೊಂಡು, ಹೆಂಡತಿಗೆ ಯಾರು ಗಂಡ ಎಂಬ ಪ್ರಶ್ನೆ. ವಿಕ್ರಮ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: ತಲೆ ಯಾರದೋ ಅವನೇ ಗಂಡ. ಜೆನ್ನಾಳ ಹೆಣವನ್ನು ಹೆಗಲ ಮೇಲೆ ಹಾಕಿಕೊಂಡು ನಡೆಯುವಾಗ ಬೇತಾಳ ‘ರಾಜಾ, ತಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಅವಳದು, ಈಗ ಹೇಳು’ ಎಂದಿದ್ದರೆ ವಿಕ್ರಮ ತುಸು ಹೊತ್ತು ನಿಲ್ಲುತ್ತಿದ್ದ. ನಿಂತು, ಅವಳನ್ನೇ ಕೇಳು ಎನ್ನುತ್ತಿದ್ದ ಎಂದು ನನ್ನ ನಂಬಿಕೆ.

ನೆನಪು ಹೋದರೆ ಆಸಾಮಿಯೂ ಹೋದ ಎಂಬುದು ಹಳೆಯ ವಾದ. ಇಂಗ್ಲೆಂಡಿನ ಜಾನ್ ಲಾಕ್ 1694ರಲ್ಲಿ, ತನ್ನ ಗ್ರಂಥದ ಎರಡನೇ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಬರೆದ: ಹಿಂದಿನದನ್ನು ತನ್ನದೆಂದು ಅರಿವಿಗೆ ತಂದುಕೊಳ್ಳಬಲ್ಲವನೇ ಅದೇ ವ್ಯಕ್ತಿ. ಜೆನ್ನಾಳ ಜೊತೆ ಕಾರಿನಲ್ಲಿದ್ದ ಗೆಳೆಯನ ಹೆಸರು ಲಾಕ್ ಎಂದಿರುವುದು ಸುಮ್ಮನೆ ಇರಲಾರದು. ಆದರೆ ಈ ವಾದಕ್ಕೆ ಎಚ್.ಎಂ. ಎಂಬ ರೋಗಿಯನ್ನು ಎದುರು ನಿಲ್ಲಿಸುತ್ತೇನೆ. 1953ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ, ಫಿಟ್ಸ್ ನಿಲ್ಲಿಸಲೆಂದು ಮೆದುಳಿನ ಎರಡೂ ಪಕ್ಕದ ಹಿಪೋಕ್ಯಾಂಪಸ್ ಎಂಬ, ಹೊಸ ನೆನಪು ಕೂಡಿಡುವ ಭಾಗವನ್ನು ತೆಗೆದರು. ಅಂದಿನಿಂದ 2008ರಲ್ಲಿ ಸಾಯುವವರೆಗೆ ಹೊಸ ನೆನಪು ಅವನಲ್ಲಿ ನಿಲ್ಲಲಿಲ್ಲ. ದಶಕಗಟ್ಟಲೆ ಬಂದುಹೋಗುತ್ತಿದ್ದ ವಿಜ್ಞಾನಿಗಳಿಗೂ ಪ್ರತಿಸಲ ಹೊಸದಾಗಿ ನಮಸ್ಕಾರ. ಆದರೆ ಸಭ್ಯತೆ, ತಮಾಷೆ, ಪದಬಂಧ ಬಿಡಿಸುವ ಹುಚ್ಚು ಎಲ್ಲ ಅವನಲ್ಲೇ ಇದ್ದವು. ಅವನನ್ನು ಬಲ್ಲವರು ಅವನು ಬೇರೆ ಯಾರೋ ಆದ ಎನ್ನಲಿಲ್ಲ.

ನನ್ನ ಕಥೆಯನ್ನೇ ಹೇಳುತ್ತೇನೆ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ನಾನು ಕಳೆದುಹೋಗಿದ್ದು ನನಗೆ ಚೆನ್ನಾಗಿ ನೆನಪಿದೆ. ಬಳೆ ಅಂಗಡಿ, ಕೆಂಪು ಲಂಗ, ಅಳುತ್ತಿದ್ದ ನನ್ನ ಕೈಗೆ ಯಾರೋ ಕೊಟ್ಟ ಬತ್ತಾಸು. ಹೋದ ವರ್ಷ ಅಜ್ಜಿ ನಕ್ಕು ಹೇಳಿದಳು, ಕಳೆದುಹೋದದ್ದು ನಾನಲ್ಲ, ಅಕ್ಕ. ನಾನು ಆಗ ಅಜ್ಜಿಯ ಕಂಕುಳಲ್ಲಿದ್ದೆ. ಕೇಳಿ ಕೇಳಿ, ಫೋಟೊ ನೋಡಿ ನೋಡಿ ಆ ನೆನಪನ್ನು ನನ್ನದು ಮಾಡಿಕೊಂಡಿದ್ದೇನೆ. ಜೆನ್ನಾ ವಿಡಿಯೊ ನೋಡಿ ಜೆನ್ನಾ ಆಗುತ್ತಿದ್ದಾಳೆ ಎಂದು ಮೂಗು ಮುರಿಯುವವರು ತಮ್ಮ ಮನೆಯ ಆಲ್ಬಮ್ ಒಮ್ಮೆ ತೆಗೆಯಲಿ.

ಕಾನೂನು ಮುರಿದರಲ್ಲ ಎಂದರೆ, ಹೌದು, ಮುರಿದರು. ಆ ಕಾನೂನಿಗೆ ಕಾರಣವೂ ಇತ್ತು, ಆಂಟಿಬಯಾಟಿಕ್‌ಗಳನ್ನು ಬೇಕಾಬಿಟ್ಟಿ ಬಳಸಿ ಸೋಂಕು ಕೈಮೀರಿದ ಕಾಲ ಅದು. ಆದರೆ ನೂರು ಅಂಕದ ಪಟ್ಟಿ ಹಿಡಿದು ಕೂತವರಿಗೆ ಬರ್ನ್ಸ್ ವಾರ್ಡಿನಲ್ಲಿ ಮಲಗಿದ ಮಗಳ ಮುಖ ಕಾಣುವುದಿಲ್ಲ. ಜೆನ್ನಾಳ ಸಹಪಾಠಿ ಆಲಿಸ್‌ಳನ್ನು ನೋಡಿ. ಸೋಂಕಿನಿಂದ ಕೈಕಾಲು ಕಳೆದುಕೊಂಡವಳು, ಮಂಡಳಿಯ ಕಟ್ಟಾ ಬೆಂಬಲಿಗಳು, ಜೆನ್ನಾಳ ಗುಟ್ಟು ತಿಳಿದಾಗ ದೂರು ಕೊಡಲು ಹೊರಟವಳು. ಅವಳೇ ಸಾವಿನ ಬಾಯಲ್ಲಿ ಬಿದ್ದಾಗ ಅವಳ ಅಪ್ಪ ಅಮ್ಮ ಹುಡುಕಿಕೊಂಡು ಬಂದದ್ದು ಜೆನ್ನಾಳ ಅಪ್ಪನನ್ನು. ಕೊನೆಯ ಅಧ್ಯಾಯದಲ್ಲಿ, 260 ವರ್ಷ ಕಳೆದ ಮೇಲೆ, ಇಬ್ಬರು ಗೆಳತಿಯರೂ ಒಟ್ಟಿಗಿದ್ದಾರೆ. ಜೆನ್ನಾಳಿಗೆ ಒಬ್ಬ ಮಗಳೂ ಇದ್ದಾಳೆ. ಇವರಿಬ್ಬರೂ ಸತ್ತಿದ್ದರೆ ಲೋಕ ಹೆಚ್ಚು ನೈತಿಕವಾಗುತ್ತಿತ್ತೇ?

ಅಮ್ಮನ ವಾದ ನನಗೆ ಗೊತ್ತು, ಕೇಳಿ ಕೇಳಿ ಬಾಯಿಪಾಠವಾಗಿದೆ. ‘ಅವಳನ್ನು ಕೇಳಲಿಲ್ಲ.’ ಕೇಳಲಿಲ್ಲ, ನಿಜ. ಆದರೆ ಹದಿನೇಳರ ಹುಡುಗಿಯ ಬಾಯಿಂದ ಯಾವ ಉತ್ತರ ಬರುತ್ತಿತ್ತು ಎಂದು ಊಹಿಸುವ ಹಕ್ಕು ಅಮ್ಮನಿಗಿಂತ ನನಗೆ ಹೆಚ್ಚು. ನನಗೆ ಹದಿನೇಳು ಮುಗಿದು ವರ್ಷವಾಗಿಲ್ಲ. ಬದುಕಿಸು ಎನ್ನುತ್ತಿದ್ದೆ. ಹೇಗಾದರೂ ಸರಿ, ಯಾವುದರಲ್ಲಾದರೂ ಸರಿ.

ವಿರೋಧ: ಅಮ್ಮ

ಮಗಳು ಬರೆದದ್ದನ್ನು ನೈಟ್ ಡ್ಯೂಟಿಯಲ್ಲಿ ಎರಡು ಸಲ ಓದಿದೆ. ಬೇತಾಳನವರೆಗೂ ಹೋಗಬೇಕಿರಲಿಲ್ಲ. ಅವಳು ಜೆನ್ನಾ ಹೌದೋ ಅಲ್ಲವೋ ಎಂಬುದರ ಮೇಲೆ ನನ್ನ ತಕರಾರೇ ಇಲ್ಲ, ಹೌದೆಂದೇ ಇಟ್ಟುಕೋ. ಸ್ಟ್ರೋಕ್ ಆಗಿ ಹೆಂಡತಿಯ ಹೆಸರು ಮರೆತವರನ್ನು, ತಲೆಗೆ ಪೆಟ್ಟಾಗಿ ಸ್ವಭಾವವೇ ಬೇರೆಯಾದವರನ್ನು ನಾನು ದಿನಾ ನೋಡುತ್ತೇನೆ. ಯಾರನ್ನೂ ‘ಇವನು ಅವನಲ್ಲ’ ಎಂದು ಹಾಸಿಗೆಯಿಂದ ಇಳಿಸಿಲ್ಲ. ಅವಳು ಜೆನ್ನಾ ಎಂದು ಒಪ್ಪಿದ ಮೇಲೆಯೇ ನನ್ನ ವಿರೋಧ ಶುರುವಾಗುವುದು. ಜೆನ್ನಾ ಆಗಿದ್ದರೆ ಅವಳಿಗೆ ಒಂದು ಮನಸ್ಸಿತ್ತು. ಆ ಮನಸ್ಸಿಗೆ ಏನೇನು ಮಾಡಿದರು ನೋಡು.

ನಾನು ಕೆಲಸ ಮಾಡಿದ ಒಂದು ಐಸಿಯುಗೆ ಬೈಕ್ ಆಕ್ಸಿಡೆಂಟ್ ಆದ ಹುಡುಗನೊಬ್ಬ ಬಂದಿದ್ದ, ಜೆನ್ನಾಳ ವಯಸ್ಸೇ. ವೆಂಟಿಲೇಟರ್ ಹಾಕಿದೆವು. ಪ್ರಜ್ಞೆ ಅರೆಬರೆ ಬಂದಾಗ ಬಾಯಲ್ಲಿದ್ದ ಟ್ಯೂಬ್ ಕೀಳಲು ಕೈ ಎತ್ತುತ್ತಿದ್ದ. ಎಲ್ಲ ಐಸಿಯುಗಳಲ್ಲಿ ಮಾಡುವ ಹಾಗೆ ಬ್ಯಾಂಡೇಜ್ ಬಟ್ಟೆಯಿಂದ ಕೈಗಳನ್ನು ಮಂಚಕ್ಕೆ ಕಟ್ಟಿದೆವು. ಕಟ್ಟದಿದ್ದರೆ ಟ್ಯೂಬ್ ಕಿತ್ತುಕೊಂಡು ಸಾಯುತ್ತಿದ್ದ, ನಾನೇ ಕಟ್ಟಿದ್ದು. ಅವನು ಬದುಕಿದ. ಆರು ತಿಂಗಳಿಗೆ ಪೇಡೆ ಡಬ್ಬಿ ಹಿಡಿದು ಬಂದ. ಬಂದವನು ನನ್ನ ಹತ್ತಿರ ಕೇಳಿದ್ದು ಒಂದೇ: ‘ಸಿಸ್ಟರ್, ನನ್ನ ಕೈ ಯಾಕೆ ಕಟ್ಟಿದ್ರಿ?’ ಬೇರೆ ಏನೂ ನೆನಪಿಲ್ಲ ಅವನಿಗೆ. ಅಪಘಾತ ನೆನಪಿಲ್ಲ, ಅಮ್ಮ ಹೊರಗೆ ಕೂತು ಅತ್ತಿದ್ದು ಗೊತ್ತಿಲ್ಲ. ಕೈ ಕಟ್ಟಿದ್ದು ನೆನಪಿದೆ. ನನ್ನಲ್ಲಿ ಉತ್ತರವಿತ್ತು, ಹೇಳಿದೆ, ಅವನು ತಲೆಯಾಡಿಸಿದ. ಒಪ್ಪಿದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಜೆನ್ನಾಳಿಗೂ ಅದೇ ನೆನಪಿರುವುದು. ನೀನು ಆ ಪುಟಗಳನ್ನು ಹಾರಿಸಿದ್ದೀಯ. ದೇಹ ಸಿದ್ಧವಾಗುವವರೆಗೆ ಅವಳ ಮನಸ್ಸು ಕತ್ತಲೆಯಲ್ಲಿತ್ತು. ಕೈ ಇಲ್ಲ, ಬಾಯಿ ಇಲ್ಲ, ಕೂಗಿದರೆ ಕೇಳುವವರಿಲ್ಲ. ಇಷ್ಟೇ ಆಗಿದ್ದರೆ ಚಿಕಿತ್ಸೆಯ ನೋವು ಎಂದು ಬಿಡಬಹುದಿತ್ತು, ಸುಟ್ಟಗಾಯದ ಡ್ರೆಸ್ಸಿಂಗ್ ಬದಲಿಸುವಾಗಲೂ ರೋಗಿ ಕೂಗುತ್ತಾನೆ. ಆದರೆ ಅಪ್ಪ ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಗಳ ಮನಸ್ಸಿನ ನಕಲೊಂದನ್ನು ಪೆಟ್ಟಿಗೆಯಲ್ಲಿಟ್ಟು ಕಪಾಟಿಗೆ ಬೀಗ ಹಾಕಿದ. ಅಪಘಾತದಲ್ಲಿ ಸತ್ತ ಗೆಳತಿ ಕಾರಾ, ಗೆಳೆಯ ಲಾಕ್, ಅವರ ಮನಸ್ಸುಗಳೂ ಪಕ್ಕದ ಪೆಟ್ಟಿಗೆಗಳಲ್ಲಿ. ಆ ಇಬ್ಬರಿಗೆ ದೇಹ ಸಿಗುವ ಸೂಚನೆಯೂ ಇಲ್ಲ. ಇದನ್ನು ಉಳಿಸುವುದು ಎನ್ನುತ್ತಾರೆಯೇ? ಮಗಳೇ, ಉಪ್ಪಿನಕಾಯಿ ಜಾಡಿಯಲ್ಲಿ ಮಾವಿನಕಾಯಿಯೂ ಉಳಿಯುತ್ತದೆ.

ಇನ್ನೊಂದು ದೃಶ್ಯ. ಜಗಳದ ನಡುವೆ ಕ್ಲೇರ್ ‘ನಿನ್ನ ಕೋಣೆಗೆ ಹೋಗು’ ಎನ್ನುತ್ತಾಳೆ, ಜೆನ್ನಾಳ ಕಾಲು ತಾನೇ ಮೆಟ್ಟಿಲು ಹತ್ತುತ್ತದೆ. ಮನಸ್ಸಿಲ್ಲ, ಆದರೂ ಹತ್ತುತ್ತದೆ. ಹಾಗೆ ನಡೆದುಕೊಳ್ಳುವಂತೆ ಒಳಗೇ ಬರೆದುಬಿಟ್ಟಿದ್ದಾರೆ. ಇದನ್ನು ಓದಿದ ಬೆಳಿಗ್ಗೆ ನಾನು ಪುಸ್ತಕ ಮುಚ್ಚಿಟ್ಟು ಚಹಾ ಮಾಡಿದೆ. ನಿನ್ನನ್ನು ಎಷ್ಟು ಸಲ ‘ಎದ್ದು ಒಳಗೆ ಹೋಗು’ ಎಂದಿದ್ದೇನೆ, ನೀನು ಎಷ್ಟು ಸಲ ಹೋಗಿದ್ದೀಯ? ಹೋಗದೆ ಎದುರು ನಿಂತಾಗ ಸಿಟ್ಟು ನೆತ್ತಿಗೇರುತ್ತದೆ. ಆ ಕ್ಷಣದಲ್ಲಿ ನನ್ನ ಕೈಗೆ ಒಂದು ಗುಂಡಿ ಕೊಟ್ಟಿದ್ದರೆ ಒತ್ತದೆ ಬಿಡುತ್ತಿರಲಿಲ್ಲ. ಅದಕ್ಕೇ ಅಂಥ ಗುಂಡಿ ಯಾವ ತಾಯಿಯ ಕೈಗೂ ಸಿಗಬಾರದು.

ಕಾಕ್ಲಿಯರ್ ವಿಷಯ ಎತ್ತಿದ್ದೀಯ. ಒಳ್ಳೆಯದೇ ಆಯಿತು, ಉದಾಹರಣೆ ನಿನ್ನ ಪರವಾಗಿಲ್ಲ. ಅವನು ಮಷಿನ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನಲ್ಲ, ಅಲ್ಲಿದೆ ನೋಡು ಎಲ್ಲ. ಚಿಕ್ಕಮ್ಮ ಅವನಿಗೆ ಕಿವಿ ಕೊಟ್ಟಳು, ಕಿವಿ ಮುಚ್ಚಿಕೊಳ್ಳುವ ಅಧಿಕಾರ ಅವನ ಕೈಯಲ್ಲೇ ಉಳಿಯಿತು. ಜೆನ್ನಾಳ ಕೈಗೆ ಅಂಥದ್ದೇನು ಕೊಟ್ಟರು? ಕೀಲಿಕೈ ಅಪ್ಪ ಅಮ್ಮನ ಹತ್ತಿರ, ನಕಲು ಕಪಾಟಿನಲ್ಲಿ. ಚಳಿ ಪ್ರದೇಶದಲ್ಲಿ ಆ ಜೆಲ್ ಬಾಳಿಕೆ ಬರುವುದಿಲ್ಲವೆಂದು ಮನೆಯನ್ನೇ ಕ್ಯಾಲಿಫೋರ್ನಿಯಾಕ್ಕೆ ಕಿತ್ತುಕೊಂಡು ಹೋದದ್ದೂ ಅವಳಿಗೆ ಹೇಳದೆ. ರಾಸ್ಮುಸೆನ್ ಮಕ್ಕಳ ಮಾತೂ ಹಾಗೆಯೇ. ಅದು ಹತ್ತಾರು ವರ್ಷ ನೂರಾರು ಮಕ್ಕಳಲ್ಲಿ ಮಾಡಿ, ಏನು ಹೋಗುತ್ತದೆ ಏನು ಉಳಿಯುತ್ತದೆ ಎಂದು ಗೊತ್ತಿರುವ ಆಪರೇಷನ್. ಜೆನ್ನಾಳ ಮೇಲೆ ನಡೆದದ್ದು ಪ್ರಯೋಗ. ನಮ್ಮಲ್ಲಿ ಸಂಶೋಧನೆಗೆ ಮಕ್ಕಳನ್ನು ಸೇರಿಸುವಾಗ ತಂದೆತಾಯಿಯ ಒಪ್ಪಿಗೆ ಮಾತ್ರ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಏಳು ದಾಟಿದ ಮಗುವಿನ ಸಮ್ಮತಿಯನ್ನು ಬಾಯಿಮಾತಿನಲ್ಲಿ ಕೇಳಬೇಕು, ಹನ್ನೆರಡು ದಾಟಿದ ಮೇಲೆ ಬರಹದಲ್ಲಿ. ನೀನು ಹೇಳಿದ ಎಚ್.ಎಂ. ಕೂಡ ನನ್ನ ಪಕ್ಷದ ಸಾಕ್ಷಿಯೇ. ಅವನ ಸಭ್ಯತೆ ಉಳಿದಿತ್ತು, ಸರಿ. ಐವತ್ತು ವರ್ಷ ಅವನನ್ನು ಪರೀಕ್ಷೆ ಮಾಡಿದರಲ್ಲ, ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರದವನು ಕೊಟ್ಟ ಒಪ್ಪಿಗೆಗೆ ಎಷ್ಟು ಬೆಲೆ? ಬದುಕಿರುವಷ್ಟು ದಿನ ಲೋಕಕ್ಕೆ ಅವನ ಹೆಸರೂ ಗೊತ್ತಾಗಲಿಲ್ಲ, ಎರಡಕ್ಷರವಾಗಿ ಉಳಿದ.

ಮ್ಯಾಥ್ಯೂ ಏಕಕಾಲಕ್ಕೆ ಮೂರು ಕುರ್ಚಿಯಲ್ಲಿ ಕೂತಿದ್ದಾನೆ. ಅವನೇ ಅಪ್ಪ, ಅವನೇ ವಿಜ್ಞಾನಿ, ಆ ಜೆಲ್‌ನಿಂದ ಶ್ರೀಮಂತನಾದವನೂ ಅವನೇ. ನಮ್ಮಲ್ಲಿ ಅಂಗದಾನಕ್ಕೆ ಮುಂಚೆ ಮೆದುಳು ಸತ್ತಿದೆ ಎಂದು ಹೇಳಲು ನಾಲ್ಕು ವೈದ್ಯರು ಬೇಕು. ಆರು ಗಂಟೆ ಬಿಟ್ಟು ಎರಡನೇ ಸಲ ಪರೀಕ್ಷೆ ಮಾಡಬೇಕು. ಅಂಗ ಕಸಿ ಮಾಡುವ ಡಾಕ್ಟರು ಆ ನಾಲ್ವರಲ್ಲಿ ಇರುವ ಹಾಗಿಲ್ಲ. 1994ರ ಅಂಗ ಕಸಿ ಕಾಯ್ದೆ ಬರೆದವರು ಡಾಕ್ಟರುಗಳೆಲ್ಲ ಕೆಟ್ಟವರೆಂದು ಹಾಗೆ ಬರೆದದ್ದಲ್ಲ. ಒಳ್ಳೆಯವನಿಗೂ ತನಗೆ ಬೇಕಾದದ್ದೇ ಕಣ್ಣಿಗೆ ಕಾಣುತ್ತದೆ, ಅದಕ್ಕೆ. ಆ ಆರು ಗಂಟೆಗಳಲ್ಲಿ ಕಾರಿಡಾರಿನಲ್ಲಿ ಕೂತ ಮನೆಯವರಿಗೆ ಚಹಾ ತಂದುಕೊಟ್ಟವಳು ನಾನು. ದೀರ್ಘವಾದ ಗಂಟೆಗಳವು. ಮ್ಯಾಥ್ಯೂ ಯಾರಿಗೂ ಕಾಯಲಿಲ್ಲ.

ಅಂಕದ ಪಟ್ಟಿಯನ್ನು ನೀನು ಗೇಲಿ ಮಾಡಿದ್ದೀಯ. ಗೆರೆ ಎಲ್ಲಿ ಎಳೆದರೂ ಹಾಸ್ಯಾಸ್ಪದವಾಗಿಯೇ ಕಾಣುತ್ತದೆ, ಹದಿನೆಂಟಕ್ಕೆ ಒಂದು ದಿನ ಕಮ್ಮಿಯಿದ್ದರೆ ಓಟು ಇಲ್ಲ. ಆ ಮಂಡಳಿ ಯಾಕೆ ಹುಟ್ಟಿತು ಎಂಬುದನ್ನು ನೀನು ಒಂದು ವಾಕ್ಯದಲ್ಲಿ ಮುಗಿಸಿದೆ, ನನಗೆ ಮಾತ್ರ ಕಾದಂಬರಿಯ ಅತ್ಯಂತ ನಿಜವಾದ ಭಾಗ ಅದೇ. ಸೋಂಕಿನ ರೋಗಾಣು ಯಾವ ಔಷಧಿಗೆ ಬಗ್ಗುತ್ತದೆ ಎಂದು ಹೇಳುವ ಕಲ್ಚರ್ ರಿಪೋರ್ಟ್ ಬಂದಾಗ ಔಷಧಿಗಳ ಹೆಸರಿನ ಮುಂದೆ ಸಾಲಾಗಿ ‘ಆರ್’ ‘ಆರ್’ ‘ಆರ್’ ಎಂದಿರುತ್ತದೆ. ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ಜಗ್ಗುವುದಿಲ್ಲ. ಕೊನೆಗೆ ಕೊಲಿಸ್ಟಿನ್ ಒಂದು ಉಳಿಯುತ್ತದೆ, ಕಿಡ್ನಿಗೆ ಹೊಡೆತ ಕೊಡುವ ಹಳೆಯ ಔಷಧಿ. ಅದೇ ಔಷಧಿಯನ್ನು ಕೋಳಿಗಳ ಮೇವಿಗೂ ಹಾಕುತ್ತಿದ್ದರು, 2019ರಲ್ಲಿ ಸರ್ಕಾರ ನಿಲ್ಲಿಸಿತು. ಆಲಿಸ್‌ಳ ಕೈಕಾಲು ಹೋದದ್ದು ಭವಿಷ್ಯದ ಕಲ್ಪನೆಯೆಂದು ನಾನು ಓದಲಿಲ್ಲ. ‘ಸಾಧ್ಯವಿದ್ದರೆ ಮಾಡಿಯೇಬಿಡೋಣ’ ಎಂದು ಎಲ್ಲರೂ ಮಾಡಿದ್ದರ ಬಿಲ್ಲು ಆ ಹುಡುಗಿಗೆ ಬಂತು. ಹಾಗಾಗಿ ಅವಳು ಗೆರೆ ಬೇಕು ಎಂದದ್ದು. ಆಮೇಲೆ ಅವಳನ್ನೂ ಕೇಳದೆ ಗೆರೆ ದಾಟಿಸಿದರು. 260 ವರ್ಷದ ಮೇಲೆ ನಗುತ್ತಿದ್ದಾಳೆ ಎಂದು ಲೇಖಕಿ ಬರೆದಿದ್ದಾರೆ. ಬರೆಯುವವರ ಕೈಯಲ್ಲಿ ಎಲ್ಲರೂ ನಗುತ್ತಾರೆ. ಇಡೀ ಪುಸ್ತಕದಲ್ಲಿ ನನಗೆ ಸಮಾಧಾನವಾಗದ ಅಧ್ಯಾಯ ಅದೊಂದೇ, ಪ್ರಯೋಗ ಕೆಟ್ಟಿದ್ದರೆ ಎಂಬ ಪ್ರಶ್ನೆಯನ್ನು ಅದು ಗುಡಿಸಿ ಮೂಲೆಗೆ ಹಾಕುತ್ತದೆ.

ಕೆಟ್ಟರೆ ಹೇಗಿರುತ್ತದೆ ಎಂದು ತಿಳಿಯಲು ನಮಗೆ ಕಾದಂಬರಿ ಬೇಡ. ನಿನ್ನಜ್ಜಿಯ ಊರಿನಿಂದ ಹಳದೀಪುರ ದೂರವಲ್ಲ. ಅಲ್ಲಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದವಳು ಅರುಣಾ ಶಾನಭಾಗ. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ಆಮ್ಲಜನಕ ನಿಂತಿತು. ಅಂದಿನಿಂದ 2015ರ ಮೇ 18ರವರೆಗೆ, ನಲವತ್ತೊಂದು ವರ್ಷಕ್ಕೂ ಹೆಚ್ಚು, ಅವಳು ಆ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದಳು. ಅವಳ ಬಗ್ಗೆ ಬರೆದ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋಗಿ ಸಾಯಲು ಬಿಟ್ಟು ಇವಳಿಗೆ ಬಿಡುಗಡೆ ಕೊಡಿ ಎಂದರು. ಆಸ್ಪತ್ರೆಯ ನರ್ಸುಗಳು ಕೊಡಬೇಡಿ ಎಂದರು. 2011ರ ಮಾರ್ಚ್ 7ರಂದು ಕೋರ್ಟು ನರ್ಸುಗಳ ಮಾತು ಹಿಡಿಯಿತು, ಜೊತೆಗೆ ಮುಂದಿನವರಿಗಾಗಿ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವ ದಾರಿಯನ್ನೂ ತೆರೆಯಿತು. ನರ್ಸುಗಳ ತಲೆಮಾರು ಬದಲಾದರೂ, ಮಲಗಿದಲ್ಲೇ ಮಲಗಿ ಮೈ ಹುಣ್ಣಾಗುವ ಬೆಡ್‌ಸೋರ್ ಆಗದಂತೆ ಅವಳನ್ನು ನೋಡಿಕೊಂಡರು. ನನ್ನ ವೃತ್ತಿಯವರು ಮಾಡಿದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಕೊಡಬೇಡಿ ಎನ್ನುತ್ತಿದ್ದೆನೇನೋ. ಆದರೆ ಪರ ಮಾತಾಡಿದವರೂ ವಿರೋಧ ಮಾತಾಡಿದವರೂ ಇಬ್ಬರೂ ಅವಳನ್ನು ಪ್ರೀತಿಸಿದವರೇ, ಅವಳು ಏನೆನ್ನುತ್ತಿದ್ದಳು ಎಂದು ಇಬ್ಬರಿಗೂ ತಿಳಿಯಲಿಲ್ಲ. ಅವಳು ಎಲ್ಲಿಯೂ ಹೇಳಿಟ್ಟಿರಲಿಲ್ಲ. ಇಪ್ಪತ್ತೈದರ ಹುಡುಗಿ ಯಾಕೆ ಹೇಳಿಡುತ್ತಾಳೆ?

‘ಬದುಕಿಸು ಎನ್ನುತ್ತಿದ್ದೆ’ ಎಂದು ಬರೆದಿದ್ದೀಯ. ಹದಿನೇಳರಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ‘ಹೇಗಾದರೂ, ಯಾವುದರಲ್ಲಾದರೂ’ ಎನ್ನುವಾಗ ಆ ಪೆಟ್ಟಿಗೆ ನಿನ್ನ ಲೆಕ್ಕದಲ್ಲಿತ್ತೇ? ಜೆನ್ನಾ ನಿನಗಿಂತ ಚೆನ್ನಾಗಿ ಬಲ್ಲಳು, ಒಳಗಿದ್ದು ಬಂದವಳು. ಅವಳು ಏನು ಮಾಡಿದಳು ನೋಡು. ಕಾರಾ, ಲಾಕ್, ತಾನು, ಮೂರೂ ಪೆಟ್ಟಿಗೆಗಳನ್ನು ಕೊಳಕ್ಕೆ ಎಸೆದಳು. ಅಪ್ಪ ಅಮ್ಮ ಬೇಡ ಬೇಡವೆಂದರೂ, ಮುಂದೆ ತನಗೆ ಏನಾದರೂ ಆದರೆ ನಕಲು ಇಲ್ಲ ಎಂದು ಗೊತ್ತಿದ್ದೂ. ಜೊತೆಗೆ ನಿಂತದ್ದು ಅಜ್ಜಿ ಲಿಲಿ. ಮೊಮ್ಮಗಳ ಮುಖ ನೋಡಲು ಹಿಂಜರಿಯುತ್ತಿದ್ದ ಮುದುಕಿ ಅವಳನ್ನು ನಿಜವಾಗಿ ನೋಡಿದ್ದು ಆ ಗಳಿಗೆಯಲ್ಲಿ ಎಂದು ನನಗನ್ನಿಸಿತು. ಚಿಕ್ಕಮ್ಮನ ಮಗ ಮಷಿನ್ ಜೇಬಿಗೆ ಹಾಕಿಕೊಳ್ಳುವ ಹಾಗೆ, ಜೆನ್ನಾ ತನ್ನ ಸ್ವಿಚ್ಚನ್ನು ತಾನೇ ಹುಡುಕಿಕೊಂಡಳು. ಅವಳಿಗೆ ಯಾರೂ ಕೊಟ್ಟದ್ದಲ್ಲ ಅದು.

ಕ್ಲೇರ್‌ಳನ್ನು ಮಾತ್ರ ನಾನು ಕೆಟ್ಟವಳು ಎನ್ನುವುದಿಲ್ಲ. ರಾತ್ರಿ ಎರಡಕ್ಕೆ ಐಸಿಯು ಬಾಗಿಲಲ್ಲಿ ‘ಏನಾದರೂ ಮಾಡಿ ಸಿಸ್ಟರ್, ಮನೆ ಮಾರುತ್ತೇವೆ’ ಎನ್ನುವ ತಾಯಂದಿರಿಗೂ ಅವಳಿಗೂ ಇರುವ ವ್ಯತ್ಯಾಸ ದುಡ್ಡೊಂದೇ. ಅವಳ ಗಂಡನ ಹತ್ತಿರ ಮಾಡಲು ಇನ್ನೂ ಏನೋ ಇತ್ತು. ನಿನಗೆ ಹಾಗಾಗಿ, ನನ್ನ ಮುಂದೆ ಆ ಜೆಲ್ ಇಟ್ಟು ಕೇಳಿದರೆ ನಾನೂ ಕಾನೂನು ಗೀನೂನು ನೋಡುವವಳಲ್ಲ, ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಳ್ಳುತ್ತೇನೆ. ನನ್ನನ್ನು ತಡೆಯಲು ಹೊರಗಿನವರು ಯಾರಾದರೂ ಬೇಕು ಎಂದೇ ಈ ವಿರೋಧ ಬರೆದದ್ದು.

ಇನ್ನೊಂದು ವಿಷಯ ಊಟದ ಹೊತ್ತಿಗೆ ಹೇಳೋಣವೆಂದಿದ್ದೆ, ಅಪ್ಪನ ಮುಂದೆ ಬೇಡವೆನಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಲಿವಿಂಗ್ ವಿಲ್, ಅಂದರೆ ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಎಂಬ ಪತ್ರ, ಬರೆದಿಡಬಹುದು ಎಂದಿತು. ಮ್ಯಾಜಿಸ್ಟ್ರೇಟರ ಹತ್ತಿರ ಹೋಗುವ ತಾಪತ್ರಯವನ್ನು 2023ರಲ್ಲಿ ತೆಗೆದು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ಸಾಕು ಎಂದರು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಆದೇಶ ಹೊರಡಿಸಿತು. ಬರೆಯುವವರಿಗೆ ಹದಿನೆಂಟು ತುಂಬಿರಬೇಕು, ಅಂದರೆ ಜೆನ್ನಾ ಇಲ್ಲಿದ್ದರೂ ಬರೆಯುವಂತಿರಲಿಲ್ಲ. ನಾನು ಬರೆದಿದ್ದೇನೆ, ಎರಡು ಪುಟ. ನನಗೆ ಹೇಳಲಾಗದಿದ್ದಾಗ ನನ್ನ ಪರವಾಗಿ ಹೇಳುವವರು ಎಂಬಲ್ಲಿ ನಿನ್ನ ಹೆಸರು ಹಾಕಿದ್ದೇನೆ. ‘ಹೇಗಾದರೂ ಸರಿ’ ಎನ್ನುವವಳ ಹೆಸರು ಹಾಕುವುದೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿಯೇ ಹಾಕಿದ್ದು. ಕಾಗದ ದೇವರ ಕೋಣೆಯ ಕಪಾಟಿನಲ್ಲಿ, ರೇಷನ್ ಕಾರ್ಡಿನ ಕೆಳಗಿದೆ. ಆ ಕಪಾಟಿಗೆ ಬೀಗವಿಲ್ಲ. ಓದು. ಒಪ್ಪಿಗೆಯಿದ್ದರೆ ಮಾತ್ರ ಶನಿವಾರ ನೋಟರಿ ಹತ್ತಿರ ಹೋಗೋಣ.